ನುಡಿಸದ ತಂತಿಗಳ ಕಛೇರಿ

ಆಂಪ್ಲಿಫೈಯರ್‌ನ ಗುಂಡಿಗಳಲ್ಲಿ ಗೇನ್ ಎಂಬುದರಷ್ಟು ಮುಖಸ್ತುತಿ ಬಲ್ಲದ್ದು ಇನ್ನೊಂದಿಲ್ಲ. ಅದನ್ನು ಬಲಕ್ಕೆ ತಿರುಗಿಸಿದಷ್ಟೂ ಅಳುಕಿನಿಂದ ಮೀಟಿದ ತಂತಿ ಗರ್ಜಿಸುತ್ತದೆ, ಅರೆಮನಸ್ಸಿನಿಂದ ಒತ್ತಿದ ಸ್ವರ ಬಹಳ ಹೊತ್ತು ನಿಲ್ಲುತ್ತದೆ, ಕಿರುಬೆರಳಿನ ಬಡತನ ಹೊರಗೆ ಕಾಣದಂತೆ ಮುಚ್ಚಿಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರ್ ಕಲಿಯುವವರ ಆಂಪ್‌ಗಳಲ್ಲಿ ಈ ಗುಂಡಿ ಹತ್ತರ ಆಸುಪಾಸಿನಲ್ಲೇ ಬೀಡುಬಿಟ್ಟಿರುವುದು ಇದೇ ಕಾರಣಕ್ಕೆ. ನನ್ನ ಆಂಪ್ ಇದಕ್ಕೆ ಅಪವಾದವಾಗಿರಲಿಲ್ಲ.

ಈ ಔದಾರ್ಯದ ತೊಂದರೆಯೆಂದರೆ ಅದಕ್ಕೆ ಪಕ್ಷಪಾತ ಗೊತ್ತಿಲ್ಲ. ಗೇನ್ ಏರಿದಾಗ ನಾವು ನುಡಿಸಿದ ಸ್ವರ ಒಂದು ಹಂತದವರೆಗೆ ಮಾತ್ರ ದೊಡ್ಡದಾಗಿ, ಆಮೇಲೆ ಸರ್ಕ್ಯೂಟ್‌ನ ಮಿತಿಗೆ ತಲೆ ತಾಗಿ ಅಲ್ಲೇ ಚಪ್ಪಟೆಯಾಗುತ್ತದೆ. ಅದನ್ನೇ ನಾವು ಡಿಸ್ಟಾರ್ಷನ್ ಎಂದು ಕರೆದು ಸಂತೋಷಪಡುತ್ತೇವೆ. ಆ ಮಿತಿಯಿಂದ ಬಹಳ ಕೆಳಗಿರುವ ಸದ್ದುಗಳಿಗಾದರೋ ಬೆಳೆಯಲು ಬೇಕಾದಷ್ಟು ಜಾಗವಿರುತ್ತದೆ. ಹೀಗಾಗಿ ಬೆರಳು ತಂತಿಯ ಮೇಲೆ ಜಾರಿದ ಕಿರುಗುಟ್ಟುವಿಕೆ, ಕೇಬಲ್ ಅಲುಗಾಡಿದ ಗೊರಗೊರ, ಸುಮ್ಮನಿದ್ದಾಗಲೂ ಕೇಳಿಸುವ ಸುಸ್ಸೆಂಬ ಸದ್ದು, ಎಲ್ಲವೂ ಮೇಲೇರಿ ಬಂದು ಸ್ವರದ ಪಕ್ಕದಲ್ಲೇ ಸಮಾನ ಆಸನ ಹಾಕಿಕೊಂಡು ಕುಳಿತುಬಿಡುತ್ತವೆ.

ಇವುಗಳ ಜೊತೆಗೆ ಗುಂಯ್ ಎನ್ನುವ ಕಾಯಂ ಶ್ರುತಿಯೊಂದಿದೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಅತಿ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಗಿಟಾರಿನ ಕಂಪನವನ್ನು ಹಿಡಿಯುವಷ್ಟೇ ಶ್ರದ್ಧೆಯಿಂದ ಅದು ಗೋಡೆಯೊಳಗಿನ ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಮಿಡಿತವನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇಥ್ ಲವರ್ ಅವರು 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಎಂಬ ಪಿಕಪ್‌ನಲ್ಲಿ ಇಂಥ ಸುರುಳಿಗಳು ಎರಡು. ಸುತ್ತಿನ ದಿಕ್ಕೂ ಅಯಸ್ಕಾಂತದ ಧ್ರುವವೂ ಪರಸ್ಪರ ವಿರುದ್ಧವಾಗಿರುವುದರಿಂದ ಹೊರಗಿನ ಗುಂಯ್‌ಗುಡುವಿಕೆ ಒಂದನ್ನೊಂದು ಅಳಿಸಿಕೊಂಡು, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ನನ್ನ ಗಿಟಾರಿನಲ್ಲಿರುವುದು ಒಂದೇ ಸುರುಳಿಯ ಸಿಂಗಲ್ ಕಾಯಿಲ್. ಅದಕ್ಕೆ ದಿಕ್ಕು ಮುಖ್ಯ. ಕುರ್ಚಿಯ ಸಮೇತ ಕೋಣೆಯಲ್ಲಿ ತಿರುಗುತ್ತ ಹೋದಾಗ ಗುಂಯ್ ಅತ್ಯಂತ ಕಡಿಮೆಯಾದದ್ದು ಬೀರುವಿನ ಎದುರಿನಲ್ಲಾದ್ದರಿಂದ, ನನ್ನ ಅಭ್ಯಾಸವೆಲ್ಲ ಬೀರುವಿನ ಬಾಗಿಲಿಗೆ ಮುಖ ಮಾಡಿಯೇ ನಡೆಯುತ್ತದೆ. ತಂತಿಗಳು ತಮ್ಮನ್ನು ಹೊತ್ತ ಬ್ರಿಡ್ಜ್‌ನ ಮೂಲಕ ಅರ್ಥಿಂಗ್‌ಗೆ ಸೇರಿರುವುದರಿಂದ ಅವುಗಳ ಮೇಲೆ ಅಂಗೈ ಇಟ್ಟೊಡನೆ ಸದ್ದು ಇನ್ನಷ್ಟು ತಗ್ಗುತ್ತದೆ. ಇದನ್ನು ಗಮನಿಸಿದ ಅಕ್ಕ, “ಕೈ ತೆಗೀಬೇಡ, ನುಡಿಸಲೂಬೇಡ, ಹಾಗೇ ಹಿಡ್ಕೊಂಡಿರು” ಎಂದು ಸೂಚಿಸಿದಳು.

ಒಮ್ಮೆ ಗಿಟಾರನ್ನು ಆಂಪ್‌ಗೆ ಒರಗಿಸಿ ನೀರು ಕುಡಿಯಲು ಹೋಗಿದ್ದೆ. ಸ್ಪೀಕರ್‌ನ ಸದ್ದು ತಂತಿಯನ್ನು ನಡುಗಿಸಿ, ಆ ನಡುಕವನ್ನು ಪಿಕಪ್ ಮತ್ತೆ ಸ್ಪೀಕರ್‌ಗೆ ಕಳುಹಿಸಿ, ಅದು ತಂತಿಯನ್ನು ಇನ್ನೂ ನಡುಗಿಸಿ, ಹೀಗೆ ಯಾರೂ ಮುಟ್ಟದ ಗಿಟಾರಿನಿಂದ ಒಂದು ದೀರ್ಘ ಸ್ವರ ಎದ್ದು ಮನೆಯನ್ನೆಲ್ಲ ತುಂಬಿತು. “ಇವತ್ತು ಸ್ವರ ಚೆನ್ನಾಗಿ ನಿಲ್ತಾ ಇದೆ ಕಣೋ!” ಎಂದು ಅಪ್ಪ ಒಳಕೋಣೆಯಿಂದ ಕೂಗಿ ಹೇಳಿದರು. ಅಷ್ಟು ಮುಕ್ತವಾದ ಪ್ರಶಂಸೆ ನನ್ನ ಬೆರಳುಗಳಿಗೆ ಅವರಿಂದ ಇನ್ನೂ ದೊರೆತಿಲ್ಲ.

ಹಂಬಕರ್ ಹಾಕಿಸಿದರೂ ಹೋಗದ ಗದ್ದಲವೆಂದರೆ ನುಡಿಸದ ತಂತಿಗಳದ್ದು. ಒಂದು ತಂತಿಯನ್ನು ಮೀಟಿದಾಗ ಉಳಿದ ಐದೂ ತಮ್ಮನ್ನು ಕರೆಯಲಾಗಿದೆಯೆಂದು ಭಾವಿಸಿ ಅನುರಣಿಸತೊಡಗುತ್ತವೆ. ಅಕೌಸ್ಟಿಕ್ ಗಿಟಾರಿನಲ್ಲಿ ಇದು ಮಾಧುರ್ಯ, ಇಲ್ಲಿ ರಂಪ. ಏಕೆಂದರೆ ಡಿಸ್ಟಾರ್ಷನ್‌ನೊಳಗೆ ಎರಡು ಸ್ವರಗಳು ಸೇರಿದರೆ ಎರಡರಲ್ಲೂ ಇಲ್ಲದ ಹೊಸ ಕಂಪನಾಂಕಗಳು ಹುಟ್ಟಿಕೊಳ್ಳುತ್ತವೆ. ರಾಕ್ ಸಂಗೀತಗಾರರು ಷಡ್ಜ, ಪಂಚಮಗಳನ್ನಷ್ಟೇ ಉಳಿಸಿಕೊಂಡ ಪವರ್ ಕಾರ್ಡ್‌ಗೆ ಅಷ್ಟೊಂದು ಒಲಿದಿರುವುದರಲ್ಲಿ ಇದರ ಪಾಲು ದೊಡ್ಡದು. ಆದ್ದರಿಂದ ಬಲ ಅಂಗೈಯ ಬುಡವನ್ನು ಮೇಲಿನ ದಪ್ಪ ತಂತಿಗಳ ಮೇಲೆ ಒರಗಿಸಿ, ಎಡ ತೋರುಬೆರಳಿನ ತುದಿಯಿಂದ ಪಕ್ಕದ ತಂತಿಯನ್ನು ಸೋಕಿಸಿ, ಅದೇ ಬೆರಳಿನ ಹೊಟ್ಟೆಯಿಂದ ಕೆಳಗಿನ ತೆಳು ತಂತಿಗಳನ್ನು ಒತ್ತದೆ ಮುಟ್ಟಿಕೊಂಡು, ಈ ಎಲ್ಲ ಬಂದೋಬಸ್ತಿನ ನಡುವೆ ಬಿಡುವಾದರೆ ಒಂದು ಸ್ವರ ನುಡಿಸಬೇಕು.

ಗೇನ್ ಇಲ್ಲದೆಯೇ ಕಲಿಯಬೇಕೆಂಬ ಹಿರಿಯರ ಸಲಹೆ ನನ್ನ ದೃಷ್ಟಿಯಲ್ಲಿ ಅರ್ಧ ಮಾತ್ರ ಸರಿ. ಗೇನ್ ಬೆರಳುಗಳ ಏರುಪೇರನ್ನು ಮುಚ್ಚಿಡುವಂತೆ, ಅದರ ಅಭಾವ ಸುಮ್ಮನಾಗದ ತಂತಿಗಳನ್ನು ಮುಚ್ಚಿಡುತ್ತದೆ. ಎರಡೂ ಬಗೆಯ ಅವಮಾನಕ್ಕೆ ಸರದಿಯಂತೆ ಸಿದ್ಧರಾಗಿರುವುದು ಉತ್ತಮ. ನಾಯ್ಸ್ ಗೇಟ್ ಎಂಬ ಪೆಡಲ್ ನೆರವಿಗೆ ಬರುತ್ತದೆ, ನಿಜ. ಆದರೆ ಅದು ನಿಗದಿತ ಮಟ್ಟಕ್ಕಿಂತ ಕೆಳಗಿಳಿದ ಸದ್ದಿಗೆಲ್ಲ ಬಾಗಿಲು ಹಾಕುವಂಥದ್ದು, ಕರಗುತ್ತಿರುವ ಸ್ವರಕ್ಕೂ ಬಿಡದ ತಂತಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ಮಟ್ಟವನ್ನು ತುಸು ಹೆಚ್ಚಿಸಿಟ್ಟರೆ ಭಾವಪೂರ್ಣವಾಗಿ ಎಳೆದ ಕೊನೆಯ ಸ್ವರ ಕಣ್ಣು ಮುಚ್ಚಿಕೊಂಡಿರುವಾಗಲೇ ಕತ್ತರಿಸಿಹೋಗುತ್ತದೆ.

ಕಡೆಗೆ ಗೇನನ್ನು ಅರ್ಧಕ್ಕಿಂತ ಕೆಳಗಿಳಿಸಿ, ಅಂಗೈಯನ್ನು ಸ್ವಸ್ಥಾನದಲ್ಲಿ ಕೂರಿಸಿ, ಒಂದು ಸಂಜೆ ಸ್ವರಶ್ರೇಣಿಯನ್ನು ನಿಧಾನವಾಗಿ ನುಡಿಸಿದೆ. ಗುಂಯ್ ಬಹುಪಾಲು ಹೋಗಿತ್ತು, ಗೊರಗೊರ ಇರಲಿಲ್ಲ. ಪ್ರತಿಯೊಂದು ಸ್ವರವೂ ತನ್ನಷ್ಟಕ್ಕೆ ತಾನು ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆಲಿಸಿ, “ಒಂದು ಸ್ವರ ದೊಡ್ಡದು, ಮುಂದಿನದು ಸಣ್ಣದು. ಕರೆಂಟು ಏರಿಳೀತಾ ಇದ್ಯಾ?” ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೌದೆಂದುಬಿಟ್ಟೆ.