ಜೀವಿತಾವಧಿ ತೆರಿಗೆ, ಎಂಟು ತಿಂಗಳ ಸಂಸಾರ

"ಸಿಂಗಲ್ ಓನರ್, 3,500 ಕಿ.ಮೀ., ಶೋರೂಂ ಕಂಡಿಷನ್, ಫುಲ್ ಪಿಪಿಎಫ್, ಫ್ಯಾನ್ಸಿ ನಂಬರ್, ಓನರ್ ಫಾರಿನ್‌ಗೆ ಹೋಗ್ತಿದ್ದಾರೆ, ಅರ್ಜೆಂಟ್ ಸೇಲ್." ಬೆಂಗಳೂರಿನಲ್ಲಿ ಮಾರಾಟಕ್ಕೆ ನಿಂತ ಎಂಟು ತಿಂಗಳ ಐಷಾರಾಮಿ ಕಾರಿನ ಜಾತಕ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಇದನ್ನೆಲ್ಲ ನಂಬುವುದಾದರೆ ಸದಾಶಿವನಗರ, ಡಾಲರ್ಸ್ ಕಾಲೊನಿ ಇಷ್ಟು ಹೊತ್ತಿಗೆ ಖಾಲಿಯಾಗಿ ಮನೆಮನೆಗೂ "ಟು ಲೆಟ್" ಬೋರ್ಡು ಬಿದ್ದಿರಬೇಕಿತ್ತು. ಯಜಮಾನರು ಫಾರಿನ್‌ಗೆಲ್ಲ ಹೋಗುವುದಿಲ್ಲ. ಹೋದರೆ ರಸ್ತೆಯಾಚೆಯ ಇನ್ನೊಂದು ಶೋರೂಮಿಗೆ.

ಕೊಂಡ ಲೆಕ್ಕ ಮೊದಲು ನೋಡಿಬಿಡೋಣ. ಎಕ್ಸ್‌ಶೋರೂಂ 75 ಲಕ್ಷದ ದೊಡ್ಡ ಡೀಸೆಲ್ ಎಸ್‌ಯುವಿ ಅಂತಿಟ್ಟುಕೊಳ್ಳಿ. ಯಜಮಾನರು ಅದನ್ನು ಮನೆ ತುಂಬಿಸಿಕೊಂಡದ್ದು 2025ರ ಆಗಸ್ಟ್ 27ರಂದು, ಗಣೇಶನ ಹಬ್ಬದ ದಿನ. ಅದಕ್ಕೆ ಹನ್ನೆರಡು ದಿನ ಮೊದಲು ಪ್ರಧಾನಿ ಕೆಂಪುಕೋಟೆಯ ಮೇಲೆ ನಿಂತು, ದೀಪಾವಳಿಯ ಹೊತ್ತಿಗೆ ಜಿಎಸ್‌ಟಿ ಸುಧಾರಣೆ ಬರುತ್ತದೆ ಎಂದು ದೇಶಕ್ಕೆಲ್ಲ ಕೇಳುವಂತೆ ಸಾರಿದ್ದರು. ಸ್ಕೂಟರ್ ಕೊಳ್ಳಬೇಕಿದ್ದ ಹುಡುಗನೂ ಒಂದು ತಿಂಗಳು ತಡೆಯೋಣ ಎಂದು ಕೂತ. ಯಜಮಾನರಿಗೆ ಕೂರಲಾಗಲಿಲ್ಲ. ಎದುರುಮನೆಯವರು ಹಬ್ಬಕ್ಕೆ ಹೊಸ ಗಾಡಿ ತರುತ್ತಿದ್ದಾರೆಂಬ ಸುದ್ದಿ ಕೆಲಸದವಳ ಮೂಲಕ ಆಗಲೇ ಬಂದಿತ್ತು.

ಆಗ ದೊಡ್ಡ ಎಸ್‌ಯುವಿಗೆ ಜಿಎಸ್‌ಟಿ ಶೇ. 28, ಜೊತೆಗೆ ಪರಿಹಾರ ಸೆಸ್ ಶೇ. 22, ಒಟ್ಟು ಶೇ. 50. ಅಂದರೆ 75 ಲಕ್ಷದಲ್ಲಿ ಕಾರು 50 ಲಕ್ಷ, ತೆರಿಗೆ 25 ಲಕ್ಷ. ಸೆಪ್ಟೆಂಬರ್ 22ಕ್ಕೆ ಸೆಸ್ ಹೋಗಿ ತೆರಿಗೆ ಶೇ. 40ಕ್ಕೆ ನಿಂತಿತು. ಅದೇ ಕಾರು, ಅದೇ ಬಣ್ಣ, ಅದೇ ಚಕ್ರ, ಈಗ 70 ಲಕ್ಷ. ಗಣಪತಿಯನ್ನು ನೀರಿಗೆ ಬಿಟ್ಟ ಒಂದೇ ತಿಂಗಳಲ್ಲಿ ಐದು ಲಕ್ಷವೂ ಅದರ ಹಿಂದೆಯೇ ಮುಳುಗಿತು.

ಇನ್ನು ನಮ್ಮ ರಾಜ್ಯದ ಪಾಲು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ರಾಜ್ಯ ಹಾಕುವ ಸೆಸ್ಸೂ ಸೇರಿದರೆ ಹತ್ತಿರಹತ್ತಿರ ಶೇ. 20. ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಲೆಕ್ಕ, ಅಂದರೆ ತೆರಿಗೆಯ ಮೇಲೂ ತೆರಿಗೆ. 15 ಲಕ್ಷ ಆಯಿತು. ಜೀವಿತಾವಧಿ ಎಂದರೆ ಕಾರಿನ ಜೀವಿತಾವಧಿಯೇ ಹೊರತು ಯಜಮಾನರ ಮೋಹದ್ದಲ್ಲ, ಇದನ್ನು ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ರಾಜ್ಯದೊಳಗೇ ಮಾರಿದರೆ ಈ ಹಣ ವಾಪಸ್ ಬರುವುದಿಲ್ಲ. ಮಗಳ ಜೊತೆ ಬೀಗರ ಮನೆಗೆ ಹೋದ ಬೆಳ್ಳಿ ತಟ್ಟೆಯ ಹಾಗೆ ಅದು ಕಾರಿನ ಜೊತೆಗೇ ಹೋಯಿತು.

ಚಿಲ್ಲರೆ ಖರ್ಚು ಕೇಳಿ. ಇನ್ಶೂರೆನ್ಸ್ 2.75 ಲಕ್ಷ. ಬಣ್ಣದ ಮೇಲೆ ಗೀರು ಬೀಳದಂತೆ ಅಂಟಿಸುವ ಪಾರದರ್ಶಕ ಫಿಲ್ಮು, ಅಂದರೆ ಪಿಪಿಎಫ್, 2.25 ಲಕ್ಷ. ಎಕ್ಸ್‌ಟೆಂಡೆಡ್ ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜು 1.5 ಲಕ್ಷ. ಎರಡನೇ ವರ್ಷವನ್ನೇ ಕಾಣದ ಯಜಮಾನರು ಐದನೇ ವರ್ಷದ ಗೇರ್‌ಬಾಕ್ಸಿಗೆ ಈಗಲೇ ಭದ್ರತೆ ಮಾಡಿಟ್ಟರು. ಕೂಡಿದರೆ ಒಂಬತ್ತು ಬರುವ ನಂಬರಿಗೆ ಹರಾಜಿನಲ್ಲಿ 1.5 ಲಕ್ಷ. ಒಟ್ಟು 98 ಲಕ್ಷ. ಹತ್ತು ಲಕ್ಷ ಮೀರಿದ ವಾಹನಕ್ಕೆ ಆದಾಯ ತೆರಿಗೆಯ ಮುಂಗಡವೆಂದು ಮಾರುವವರೇ ಹಿಡಿಯುವ ಶೇ. 1 ಟಿಸಿಎಸ್, ಅಂದರೆ 75 ಸಾವಿರ, ಇದರಲ್ಲಿಲ್ಲ. ರಿಟರ್ನ್ಸ್ ಸಲ್ಲಿಸಿದರೆ ಅದು ಲೆಕ್ಕಕ್ಕೆ ಸಿಗುತ್ತದೆ. ಈ ಇಡೀ ಪುರಾಣದಲ್ಲಿ ಪೂರ್ತಿ ಮರಳಿ ಬರುವ ದುಡ್ಡು ಅದೊಂದೇ. ಆಮೇಲೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು, 98 ಲಕ್ಷದ ಗಾಡಿಗೆ 80 ರೂಪಾಯಿಯ ರಕ್ಷಣೆ ಮಾಡಿಸಿದ್ದೂ ಆಯಿತು.

"ಕಂಪನಿ ಹೆಸರಲ್ಲಿ ತಗೊಳ್ಳಿ ಸಾರ್, ಡಿಪ್ರಿಸಿಯೇಷನ್ ಸಿಗುತ್ತೆ" ಎಂದು ಆಡಿಟರ್ ಹೇಳಿರುತ್ತಾರೆ. ಸಿಗುತ್ತದೆ, ಕಾರು ಸವೆದ ಲೆಕ್ಕಕ್ಕೆ ಕಂಪನಿಯ ಆದಾಯದಲ್ಲಿ ವರ್ಷಕ್ಕೆ ಶೇ. 15 ಕಡಿತ. ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ. ಲೆಕ್ಕ ಹಾಕಿ ನೋಡಿ, ಕಟ್ಟಕಡೆಯ ದಿನ ಅಕ್ಟೋಬರ್ 3 ಆಗುತ್ತದೆ. 2025ರಲ್ಲಿ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 2ಕ್ಕೆ. ಪಂಚಾಂಗವೂ ಆದಾಯ ತೆರಿಗೆ ಕಾಯ್ದೆಯೂ ಇಷ್ಟು ಹೊಂದಿಕೊಂಡ ವರ್ಷ ಅಪರೂಪ. ಕಾರಿನ ಬೆಲೆಗೆ ಜೀವಿತಾವಧಿ ತೆರಿಗೆ ಸೇರಿದ 90 ಲಕ್ಷಕ್ಕೆ ಶೇ. 15 ಎಂದರೆ 13.5 ಲಕ್ಷದ ಕಡಿತ, ಉಳಿಯುವ ತೆರಿಗೆ ಮೂರೂವರೆ ಲಕ್ಷದ ಆಸುಪಾಸು. ಮೂರೂವರೆ ಉಳಿಸಲು ಎಷ್ಟು ಕಳೆಯಬೇಕು ಎಂಬುದಕ್ಕೆ ಈಗ ಬರೋಣ.

ಎಂಟನೇ ತಿಂಗಳು. ಎದುರುಮನೆಯವರು ಇನ್ನೂ ದೊಡ್ಡದನ್ನು ತಂದಿದ್ದಾರೆ. ಯಜಮಾನರ ಗೇಟಿಗೆ ಬ್ರೋಕರ್ ಬರುತ್ತಾನೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿ ಹೋರಿಯ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಇಲ್ಲಿ ಟವೆಲಿಲ್ಲ, ಮೀಟರುಗಳಿವೆ. ಮೊದಲನೆಯದು ಬಣ್ಣದ ದಪ್ಪ ಅಳೆಯುವ ಗೇಜು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಮರುಬಣ್ಣ ಹೊಡೆಸಿದ್ದರೆ 200 ದಾಟುತ್ತದೆ, ಪುಟ್ಟಿ ತುಂಬಿಸಿದ್ದರೆ ಇನ್ನೂ ಮೇಲೇರುತ್ತದೆ. ಆದರೆ ಗೇಜು ಅಳೆಯುವುದು ತನ್ನ ತುದಿಯಿಂದ ಲೋಹದವರೆಗಿನ ದೂರವನ್ನು. ನಡುವೆ ಇರುವುದು ಬಣ್ಣವೋ ಫಿಲ್ಮೋ ಅದಕ್ಕೆ ತಿಳಿಯದು. ಪಿಪಿಎಫ್ ತಾನೇ 200 ಮೈಕ್ರಾನಿನಷ್ಟು ದಪ್ಪ. ಬಾನೆಟ್ಟಿನ ಮೇಲೆ ಇಟ್ಟ ಕೂಡಲೇ 330. "ಏನ್ ಸಾರ್, ಪುಟ್ಟಿ ಹೊಡೆಸಿದ್ದೀರಾ?" ಎಂದು ಬ್ರೋಕರ್ ಕನಿಕರದಿಂದ ಕೇಳುತ್ತಾನೆ. ಇಲ್ಲವೆಂದು ತೋರಿಸಬೇಕಾದರೆ ಒಂದು ಮೂಲೆ ಕಿತ್ತು ಅಳೆಯಬೇಕು. ಬೆಲೆ ಉಳಿಸಲೆಂದು ಎರಡೂಕಾಲು ಲಕ್ಷ ಕೊಟ್ಟು ಅಂಟಿಸಿದ್ದನ್ನು ಬೆಲೆ ಉಳಿಸಲೆಂದೇ ಉಗುರಿನಲ್ಲಿ ಎಬ್ಬಿಸುವ ಯೋಗ ಯಜಮಾನರದು.

ಆಮೇಲೆ ಆತ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡುತ್ತಾನೆ. ಹೊಸಬರಿಗೆ ಇದೇನು ಶಾಸ್ತ್ರ ಎನಿಸಬಹುದು. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಕೋಟಿ ಕೋಟಿಯ ವಿಲ್ಲಾಗಳಿಗೆ ನೀರು ನುಗ್ಗಿ ವಿದೇಶಿ ಕಾರುಗಳು ಬಾನೆಟ್ಟಿನವರೆಗೆ ನಿಂತದ್ದು ನೆನಪಿದ್ದವರಿಗೆ ಕಾರಣ ಗೊತ್ತು. ಕಾರ್ಪೆಟ್ ತೊಳೆಸಬಹುದು, ಸೀಟು ಒಣಗಿಸಬಹುದು. ಸುರುಳಿಯೊಳಗಿನ ಬೆಲ್ಟಿನ ಮೇಲೆ ಕೂತ ಕೆಸರಿನ ಗೆರೆ ಅಷ್ಟು ಸುಲಭವಾಗಿ ಹೋಗದು.

ಮುಂದಿನದು ಟೈರು. ಇಪ್ಪತ್ತು ಇಂಚಿನ ಚಕ್ರಕ್ಕೆ ತೆಳ್ಳಗಿನ ಪಕ್ಕಗೋಡೆಯ ಟೈರು ಹಾಕಿಸಿ ಬೆಂಗಳೂರಿನ ಗುಂಡಿಗೆ ಇಳಿಸುವುದೆಂದರೆ ರೇಷ್ಮೆ ಪಂಚೆ ಉಟ್ಟು ನಾಟಿಗೆ ಇಳಿದಂತೆ. ಒಳಗಿನ ನೂಲು ತುಂಡಾಗಿ ಪಕ್ಕದಲ್ಲಿ ಬುಗುಟು ಏಳುತ್ತದೆ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರೇ ಬದಲಿಸಬೇಕು. ಒಂದು ಟೈರಿನ ಪಕ್ಕದ ನಾಲ್ಕಂಕಿ ಉಳಿದ ಮೂರಕ್ಕೆ ತಾಳೆಯಾಗದಿದ್ದರೆ, ಅಂದರೆ ತಯಾರಾದ ವಾರ ಮತ್ತು ವರ್ಷ ಬೇರೆಯಿದ್ದರೆ, ಗುಂಡಿಯ ಕಥೆ ಅಲ್ಲೇ ಬಯಲು.

ಯಜಮಾನರ ಕೊನೆಯ ಅಸ್ತ್ರ: "ಬರೀ 3,500 ಓಡಿರೋದು!" ಅಲ್ಲೇ ಪೆಟ್ಟು ಬೀಳುವುದು. ಬಿಎಸ್ 6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಶೋಧಕ ಇರುತ್ತದೆ. ತುಂಬಿದ ಮಸಿ ಸುಟ್ಟು ಬೂದಿಯಾಗಲು ಹೊಗೆ ಚೆನ್ನಾಗಿ ಕಾಯಬೇಕು. ಅದಕ್ಕೆ ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ಸಿಲ್ಕ್ ಬೋರ್ಡಿನಲ್ಲಿ ನಿಂತು, ಎಚ್‌ಎಸ್‌ಆರ್‌ನಲ್ಲಿ ತೆವಳಿ, ಕ್ಲಬ್ಬಿನ ಮುಂದೆ ಎಸಿ ಹಾಕಿಕೊಂಡು ಕಾದ ಗಾಡಿಗೆ ಆ ಭಾಗ್ಯವೆಲ್ಲಿಯದು? ಅರ್ಧ ಸುಟ್ಟಾಗಲೇ ಮನೆ ಬಂದು ಎಂಜಿನ್ ಆಫ್. ಸುಡಲೆಂದು ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಸ್ವಲ್ಪಸ್ವಲ್ಪವಾಗಿ ಎಂಜಿನ್ ಆಯಿಲ್ಲಿಗೆ ಇಳಿದು ಅದನ್ನು ತೆಳ್ಳಗಾಗಿಸುತ್ತದೆ. ಬ್ರೋಕರ್ ಸ್ಕ್ಯಾನರ್ ಚುಚ್ಚುತ್ತಾನೆ. ಮಸಿ ಎಷ್ಟು ತುಂಬಿದೆ, ಸುಡುವ ಕೆಲಸ ಎಷ್ಟು ಸಲ ನಡುವೆ ನಿಂತಿದೆ ಎಂದು ಗಾಡಿಯೇ ಬಾಯಿಬಿಡುತ್ತದೆ. ಬೆಂಗಳೂರು–ಹುಬ್ಬಳ್ಳಿ ನಡುವೆ 25,000 ಕಿ.ಮೀ. ಓಡಿದ ಗಾಡಿ ಈ ಹೊಸ ಗಾಡಿಗಿಂತ ಗಟ್ಟಿಮುಟ್ಟಾಗಿರಬಹುದು. ಆದರೆ ಜಾಹೀರಾತಿನಲ್ಲಿ "ದುಡಿದ ಗಾಡಿ" ಎಂದು ಬರೆಸಿದವರನ್ನು ಯಾರೂ ಕಂಡಿಲ್ಲ.

ಈಗ ಬೆಲೆ. ಇನ್ಶೂರೆನ್ಸಿನ ಕೋಷ್ಟಕ ಬಾಯಿಪಾಠ ಇದ್ದವರಿಗೆ ಇದು ಎರಡು ಸಾಲಿನ ಲೆಕ್ಕ. ಆರು ತಿಂಗಳೊಳಗೆ ಶೇ. 5 ಸವಕಳಿ, ಆರು ತಿಂಗಳಿಂದ ವರ್ಷದವರೆಗೆ ಶೇ. 15. ಅದೂ ಈಗಿನ ಬೆಲೆಯ ಮೇಲೆ, ಯಜಮಾನರು ಕೊಟ್ಟದ್ದರ ಮೇಲಲ್ಲ. 70 ಲಕ್ಷದಲ್ಲಿ ಶೇ. 15 ಕಳೆದರೆ 59.5 ಲಕ್ಷ. ತೆರಿಗೆ, ಫಿಲ್ಮು, ನಂಬರು, ನಿಂಬೆಹಣ್ಣು ಯಾವುದಕ್ಕೂ ಅಲ್ಲಿ ಕಾಲಂ ಇಲ್ಲ. ಬ್ರೋಕರ್ ತನ್ನದಿಷ್ಟು ಮುರಿದುಕೊಂಡು 56 ಎನ್ನುತ್ತಾನೆ. "ಪಾರ್ಕ್ ಅಂಡ್ ಸೇಲ್‌ಗೆ ಬಿಡಿ ಸಾರ್, 60ಕ್ಕೆ ಟ್ರೈ ಮಾಡೋಣ" ಎಂಬ ಇನ್ನೊಂದು ದಾರಿಯೂ ಉಂಟು. ಹಾಗೆ ಮಾರಿಕೊಡಲೆಂದು ಡೀಲರನ ಅಂಗಳದಲ್ಲಿ ಬಿಟ್ಟರೆ ಮೂರು ತಿಂಗಳು ಬಿಸಿಲಲ್ಲಿ ನಿಂತು, ಬ್ಯಾಟರಿ ಇಳಿದು, ಬ್ರೇಕ್ ಡಿಸ್ಕಿಗೆ ತುಕ್ಕು ಬಂದು, ಟೆಸ್ಟ್ ಡ್ರೈವ್ ನೆಪದಲ್ಲಿ ಊರಿನ ಹುಡುಗರೆಲ್ಲ ರೀಲ್ಸ್ ಮಾಡಿ ಮುಗಿಸಿದ ಮೇಲೆ ಅದೇ 56ಕ್ಕಿಂತ ಎರಡು ಕಡಿಮೆಗೆ ಬರುತ್ತದೆ.

98ರಲ್ಲಿ 56 ಕಳೆದರೆ 42 ಲಕ್ಷ. ಓಡಿದ್ದು 3,500 ಕಿ.ಮೀ. ಕಿಲೋಮೀಟರಿಗೆ 1,200 ರೂಪಾಯಿ, ಡೀಸೆಲ್ ಬಿಟ್ಟು. ಬೆಂಗಳೂರಿನಲ್ಲಿ ಆಟೊ ಮೀಟರ್ ದರ ಕಿ.ಮೀ.ಗೆ 18 ರೂಪಾಯಿ. ಯಜಮಾನರು ಕ್ಲಬ್ಬಿಗೆ ಹೋಗುವಾಗಲೆಲ್ಲ ಒಂದು ಆಟೊದಲ್ಲಿ ತಾವು ಕೂತು, ಹಿಂದೆ 65 ಖಾಲಿ ಆಟೊಗಳನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಿದ್ದರೂ ಖರ್ಚು ಇದಕ್ಕಿಂತ ತುಸು ಕಡಿಮೆಯೇ ಆಗುತ್ತಿತ್ತು. ಪ್ರತಿಷ್ಠೆಯೂ ಖಂಡಿತ ಹೆಚ್ಚುತ್ತಿತ್ತು, ಎದುರುಮನೆಯವರಿಗೆ ಅಂಥದ್ದು ಯಾವ ಶೋರೂಮಿನಲ್ಲೂ ಸಿಗುತ್ತಿರಲಿಲ್ಲ. (ಮೀಟರ್ ಹಾಕುವ 66 ಆಟೊ ಎಲ್ಲಿ ಸಿಗುತ್ತವೆ ಎಂದು ಕೇಳಬೇಡಿ.)

ಕಂಪನಿ ಹೆಸರಿನ ಹಳೆ ಕಾರು ಮಾರಿದರೆ ಮಾರ್ಜಿನ್ ಮೇಲೆ, ಅಂದರೆ ಮಾರಿದ ಬೆಲೆಯಲ್ಲಿ ಸವಕಳಿ ಕಳೆದುಳಿದ ಪುಸ್ತಕದ ಬೆಲೆ ಕಳೆದರೆ ಬರುವ ಮೊತ್ತದ ಮೇಲೆ, ಶೇ. 18 ಜಿಎಸ್‌ಟಿ ಇದೆ. ಮಾರ್ಜಿನ್ ಮೈನಸ್ಸಿನಲ್ಲಿದ್ದರೆ ಸೊನ್ನೆ. ಈ ಸಂಸಾರದಲ್ಲಿ ಸರ್ಕಾರ ಕೈಚಾಚದ ಏಕೈಕ ಗಳಿಗೆ ಇದು.

ಕಾಗದಪತ್ರ ಇನ್ನೂ ಬಾಕಿ. ಸಾಲದ ಗಾಡಿಯಾದರೆ, ಕೆಲವು ಬ್ಯಾಂಕುಗಳು ಮೊದಲ ಆರು ತಿಂಗಳು ಸಾಲ ತೀರಿಸಲೂ ಬಿಡುವುದಿಲ್ಲ; ವರ್ಷದೊಳಗೆ ತೀರಿಸಿದರೆ ಬಾಕಿಯ ಮೇಲೆ ಶೇ. 5–6ರವರೆಗೂ ದಂಡ. 42ರ ಲೆಕ್ಕಕ್ಕೆ ಇದನ್ನು ಸೇರಿಸಿಲ್ಲ, ಯಜಮಾನರ ಬಿಪಿ ನೋಡಿ ಬಿಟ್ಟದ್ದು. ಬ್ಯಾಂಕಿನ ಎನ್‌ಒಸಿ ಬಂದ ಮೇಲೆ ಹೈಪಾಥಿಕೇಷನ್, ಅಂದರೆ ಗಾಡಿಯ ಮೇಲಿನ ಬ್ಯಾಂಕಿನ ಸಾಲದ ನಮೂದು, ತೆಗೆಸಲು ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30, ಹೊರರಾಜ್ಯಕ್ಕೆ ಹೋಗುವುದಾದರೆ 28. ಹೊರರಾಜ್ಯದಲ್ಲಿ ಮರುನೋಂದಣಿಯಾದ ದಾಖಲೆ ತಂದರೆ ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ವಾಪಸ್ ಕೇಳಬಹುದು. ಅದನ್ನು ತಂದುಕೊಡಬೇಕಾದವನು ಕೊಂಡವನು, ಅವನಿಗೋ ಗಾಡಿ ಕೈಸೇರಿದ ಮೇಲೆ ಯಜಮಾನರ ಫೋನ್ ಎತ್ತುವ ದರ್ದಿಲ್ಲ. ಡೀಲರಿಗೆ ಒಪ್ಪಿಸುವುದಾದರೆ ಅಧಿಕೃತ ಪರವಾನಗಿ ಇದ್ದವನ ಜೊತೆ ಫಾರಂ 29ಸಿ ಹಾಕಿಸಬೇಕು. 2023ರ ಏಪ್ರಿಲ್‌ನಿಂದ ಬಂದ ಈ ನಿಯಮದಲ್ಲಿ ಮುಂದಿನ ಹೊಣೆ ಡೀಲರನದು.

ಇದನ್ನೆಲ್ಲ "ಆಮೇಲೆ ಮಾಡೋಣ" ಎನ್ನುವುದೇ ನಮ್ಮ ರಾಷ್ಟ್ರೀಯ ಪದ್ಧತಿ. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಯುಬಿ ಸಿಟಿ ಹತ್ತಿರ ಸಾರಿಗೆ ಅಧಿಕಾರಿಗಳು ಹಿಡಿದ ರೋಲ್ಸ್ ರಾಯ್ಸ್ ಮಾರಾಟವಾಗಿ ಎರಡು ವರ್ಷವಾಗಿತ್ತು. ದಾಖಲೆಯಲ್ಲಿ ಇನ್ನೂ ಅಮಿತಾಭ್ ಬಚ್ಚನ್ ಹೆಸರೇ ಇತ್ತು. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಕೆಂಪು ಫೆರಾರಿಯೊಂದು ಇಲ್ಲಿಯ ತೆರಿಗೆ ಕಟ್ಟದೆ ಓಡಾಡಿ ಸಿಕ್ಕಿಬಿದ್ದು 1.4 ಕೋಟಿಗೂ ಹೆಚ್ಚು ತೆರಿಗೆ ಕಟ್ಟಿತು. ಹೆಸರು ಬದಲಾಗದೆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಬಚ್ಚನ್ ಅವರಿಗಾದರೆ ವಕೀಲರಿದ್ದಾರೆ, ಯಜಮಾನರಿಗಿರುವುದು ಡಿಪ್ರಿಸಿಯೇಷನ್ನಿನ ಆಡಿಟರ್.

ಫಾಸ್ಟ್‌ಟ್ಯಾಗ್ ಮುಚ್ಚಿಸಲು ಮರೆತರೆ ಕೊಂಡವನ ಧರ್ಮಸ್ಥಳ ಯಾತ್ರೆಯ ಟೋಲು ಯಜಮಾನರ ಖಾತೆಯಿಂದ ಕಟ್ಟಾಗುತ್ತದೆ. ಹಳೆ ಗಾಡಿಯಿಂದ ಉಳಿಸಿಕೊಂಡು ಬಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ, ಮಾಲೀಕನದು, ಕಾರಿನದಲ್ಲ. ಪತ್ರ ಬರೆಸಿ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಮುಂದಿನ ಗಾಡಿಗೆ ಬಳಸಬಹುದು. ಮುಂದಿನ ಗಾಡಿ ಮುಂದಿನ ವಾರವೇ ಬರುವುದರಿಂದ ಆ ಅವಧಿಯ ಚಿಂತೆ ನಮ್ಮವರಿಗಿಲ್ಲ.

ಕಾರಿನ ಪರದೆಯಲ್ಲಿ ಉಳಿದ ಫೋನ್ ನಂಬರುಗಳು, "ಹೋಂ" ಎಂದು ಗುರುತಿಟ್ಟ ವಿಳಾಸ ಅಳಿಸಬೇಕು. ಕಂಪನಿಯ ಆ್ಯಪ್‌ನಿಂದ ಗಾಡಿಯನ್ನು ಬೇರ್ಪಡಿಸಬೇಕು. ಇದನ್ನು ಮಾತ್ರ ಯಜಮಾನರು ಬೇಕೆಂದೇ ಮರೆಯುತ್ತಾರೆ. ಗಾಡಿ ಈಗ ದಾವಣಗೆರೆಯ ಯಾವುದೋ ಮನೆಯ ಅಂಗಳದಲ್ಲಿದೆ. ರಾತ್ರಿ ಹನ್ನೊಂದಕ್ಕೆ ನಿದ್ದೆ ಬಾರದಿದ್ದಾಗ ಅವರು ಫೋನ್ ತೆಗೆದು ನಕ್ಷೆಯಲ್ಲಿ ಅದು ನಿಂತ ಜಾಗ ನೋಡುತ್ತಾರೆ, ಡೀಸೆಲ್ ಎಷ್ಟಿದೆ ನೋಡುತ್ತಾರೆ, ಆಮೇಲೆ ಒಂದು ಗುಂಡಿ ಒತ್ತಿ ಅಲ್ಲಿ ಅದರ ದೀಪ ಎರಡು ಸಲ ಮಿಣುಕಿಸುತ್ತಾರೆ.