ಸೈನಿಕ ಹುಳು ಬೀಜದ ಪಾಕೀಟಿನಲ್ಲಿ ಬಂದದ್ದಲ್ಲ

“ಗೋವಿನಜೋಳದ ಸುಳಿ ತಿನ್ನೋ ಹುಳದ ತತ್ತಿಯನ್ನ ಕಂಪನಿಯವರು ಬೀಜದೊಳಗೇ ಇಟ್ಟು ಕಳಸ್ತಾರ, ಆಮೇಲೆ ಎಣ್ಣಿ (ಕೀಟನಾಶಕ) ಮಾರ್ತಾರ” ಎಂಬ ಸಂದೇಶ ಬಾಗಲಕೋಟೆ, ವಿಜಯಪುರದ ಕಡೆ ಬಿತ್ತನೆ ಹೊತ್ತಿಗೆ ಓಡಾಡುತ್ತದೆ.

ಸತ್ಯಾಂಶ: ಈ ಸುಳಿ ತಿನ್ನುವ ಹುಳು, ಅಂದರೆ ಸೈನಿಕ ಹುಳು (ಫಾಲ್ ಆರ್ಮಿವರ್ಮ್), ಒಣ ಬೀಜದಲ್ಲಿ ತತ್ತಿ ಇಡುವುದಿಲ್ಲ. ಹೆಣ್ಣು ಪತಂಗ ತತ್ತಿ ಇಡುವುದು ಹಸಿ ಎಲೆಯ ಮೇಲೆ, ಒಂದು ಗುಂಪಿನಲ್ಲಿ 100–200, ಮೇಲೆ ಬೂದು ಕೂದಲಿನ ಹೊದಿಕೆ. ಎರಡು–ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಬೀಜದಲ್ಲಿ ತತ್ತಿ ಇದ್ದಿದ್ದರೆ ಪಾಕೀಟು ಬಿಚ್ಚುವ ಮೊದಲೇ ಮರಿಗಳು ಸತ್ತಿರುತ್ತಿದ್ದವು.

ಇದರ ಮೂಲ ಅಮೆರಿಕ ಖಂಡದ ಉಷ್ಣವಲಯ. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ಶಿವಮೊಗ್ಗದಲ್ಲಿ. ಸಮುದ್ರ ದಾಟಿಸಲು ಸರಕು ಸಾಗಣೆ ನೆರವಾಗಿರಬಹುದು. ಭೂಮಿ ಮೇಲೆ ಹಬ್ಬಲು ಮಾತ್ರ ಯಾರ ಸಹಾಯವೂ ಬೇಕಿಲ್ಲ: ಗಾಳಿ ಹಿಡಿದರೆ ಪತಂಗ ಒಂದೇ ರಾತ್ರಿ ಸುಮಾರು 100 ಕಿ.ಮೀ. ಹಾರಬಲ್ಲದು. ವಿಜಯಪುರದಿಂದ ಬಾಗಲಕೋಟೆಗೆ ಅಷ್ಟೂ ದೂರವಿಲ್ಲ.

ಹಾರಿ ಬಂದದ್ದು ಉಳಿಯುವುದು ಏಕೆ? ಇದಕ್ಕೆ ಸುಪ್ತಾವಸ್ಥೆ (ಮೇವಿಲ್ಲದ ಕಾಲವನ್ನು ನಿದ್ದೆಯಂತೆ ಕಳೆಯುವ ಸ್ಥಿತಿ) ಇಲ್ಲ, ವರ್ಷವಿಡೀ ಹಸಿರು ಬೇಕು. ಕೃಷ್ಣಾ, ಘಟಪ್ರಭಾ ನೀರಾವರಿಯಲ್ಲಿ ಒಂದರ ಬೆನ್ನಿಗೊಂದು ಗೋವಿನಜೋಳ, ಹಿಂಗಾರಿಗೆ ಬಿಳಿಜೋಳ. ನಾವೇ ಊಟ ಬಡಿಸಿಟ್ಟಂತೆ.

ಹುಳದ ಗುರುತು ಸುಲಭ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ (Y) ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಬೀಜ ಮೊಳೆತ ಕೂಡಲೇ ಎಕರೆಗೆ 5 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆ ಇಟ್ಟು ಗಂಡು ಪತಂಗವನ್ನು ಸೆಳೆಯುವ ಬಲೆ) ಕಟ್ಟಿದರೆ ಪತಂಗ ಬಂದದ್ದು ಗೊತ್ತಾಗುತ್ತದೆ. ಸುಳಿಯಲ್ಲಿ ಹಿಕ್ಕೆ ತುಂಬಿದ ಮೇಲೆ ಔಷಧಿ ಹೊಡೆದರೆ ಒಳಗಿನ ಹುಳಕ್ಕೆ ತಾಗುವುದೇ ಕಷ್ಟ.