ತೂಕದ ಶೋ ಮಾಡುವವರಿಗೆ ಕೊಡಗಿನಿಂದ ಕೆಲವು ಸಲಹೆ

ತೂಕ ಇಳಿಸುವ ರಿಯಾಲಿಟಿ ಶೋಗೆ ಮಡಿಕೇರಿಯಂಥ ಜಾಗ ಇನ್ನೊಂದಿಲ್ಲ. ಮಂಜು ಬಾಡಿಗೆಯಿಲ್ಲದೆ ಸಿಗುತ್ತದೆ, ಓಡಿಸಲು ಏರುದಾರಿ ಹುಡುಕಬೇಕಿಲ್ಲ, ಸ್ಪರ್ಧಿ ಅತ್ತರೆ ಮಳೆಯೂ ಜೊತೆಗೂಡುತ್ತದೆ. ಒಂದು ಹೋಂಸ್ಟೇ ಹಿಡಿದು, ಬೈಯಲು ಬಲ್ಲ ತರಬೇತುದಾರನೊಬ್ಬನನ್ನು ಗೊತ್ತುಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಮೊದಲ ತೂಕ ಸಂಜೆಯೇ ನೋಡಿ. ಮಧ್ಯಾಹ್ನ ಕಡಂಬುಟ್ಟು ಎಂಬ ಅಕ್ಕಿ ಕಡುಬು, ಪಂದಿ ಕರಿ ಹೊಟ್ಟೆ ಬಿರಿಯ ಬಡಿಸಿ. ಉಪ್ಪು ಒಂದು ಕೈ ಮುಂದಿರಲಿ, ಅದು ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ. ಮೆಷಿನ್ ಹತ್ತುವ ಮುಂಚೆ ಒಂದು ಲೀಟರ್ ನೀರು ಕುಡಿಸಿದರೆ ಅದೇ ಒಂದು ಕೆ.ಜಿ. ಜೀನ್ಸು, ಬೂಟು ಬಿಚ್ಚಿಸಬೇಡಿ. ವಾರದ ಕೊನೆಯ ತೂಕ ಮಾತ್ರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಕಕ್ಕಸಿಗೆ ಹೋಗಿಬಂದ ಮೇಲೆ, ಚಡ್ಡಿ ಬನಿಯನ್ನಿನಲ್ಲಿ. ನಡುವೆ ಅನ್ನ, ಪುಟ್ಟು ಎಲ್ಲ ಬಂದ್. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು ಅರ್ಧ ಕೆ.ಜಿ. ಇರುತ್ತದೆ, ಅದರ ಪ್ರತಿ ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಅದು ಖಾಲಿಯಾದರೆ ಕೆಲವೇ ದಿನಗಳಲ್ಲಿ ಎರಡು ಕೆ.ಜಿ.ಯ ಹತ್ತಿರ ಮಾಯ. ಕೊಬ್ಬಿಗೆ ಅಷ್ಟರಲ್ಲಿ ಸುದ್ದಿಯೂ ಸರಿಯಾಗಿ ಮುಟ್ಟಿರುವುದಿಲ್ಲ.

'ಒಂದೇ ವಾರದಲ್ಲಿ 8 ಕೆ.ಜಿ.!' ಎಂದು ಡ್ರಮ್ ಬಾರಿಸುವಾಗ ಯಾರೂ ಲೆಕ್ಕ ಹಾಕದಂತೆ ನೋಡಿಕೊಳ್ಳಿ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ವಾರದಲ್ಲಿ 8 ಕೆ.ಜಿ. ಕರಗಬೇಕಾದರೆ ದಿನಕ್ಕೆ 8,800 ಕ್ಯಾಲೊರಿ ಕೊರತೆ ಬೀಳಬೇಕು. ಆಸಾಮಿ ಏನೂ ತಿನ್ನದೆ ದಿನಾ ತಡಿಯಂಡಮೋಳ್ ಬೆಟ್ಟ ಹತ್ತಿಳಿದರೂ ಆ ಲೆಕ್ಕ ಕೂಡಿಬರುವುದಿಲ್ಲ. ನಮ್ಮಲ್ಲಿ ಇದನ್ನು ನಂಬಿಸುವುದು ಸ್ವಲ್ಪ ಕಷ್ಟವೇ. ಇಲ್ಲಿನ ಕಾಫಿ ವ್ಯಾಪಾರಿ 50 ಕೆ.ಜಿ. ಚೆರಿ (ಒಣಗಿದ ಕಾಫಿ ಹಣ್ಣು) ಚೀಲವನ್ನು ತೂಗಿ ಸುಮ್ಮನಾಗುವವನಲ್ಲ. ಮಾಯಿಶ್ಚರ್ ನೋಡುತ್ತಾನೆ, ಓಟಿ (ಸಿಪ್ಪೆ ಕಳೆದರೆ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ) ನೋಡುತ್ತಾನೆ, ಆಮೇಲೆ ರೇಟು ಹೇಳುತ್ತಾನೆ. ಕಣದಲ್ಲಿ ಒಣಗಿ ಹಗುರಾದದ್ದಕ್ಕೆ ಕಾಫಿಗೆ ಯಾರೂ ಟ್ರೋಫಿ ಕೊಟ್ಟಿಲ್ಲ.

ಶೋ ಮುಗಿದ ಮೇಲೆ ಆ ಮನೆಗಳ ಕಡೆ ತಲೆ ಹಾಕಬೇಡಿ. ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಶೋನ 14 ಸ್ಪರ್ಧಿಗಳನ್ನು ಆರು ವರ್ಷದ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸರಾಸರಿ 58 ಕೆ.ಜಿ. ಇಳಿಸಿದ್ದವರಿಗೆ 41 ಕೆ.ಜಿ. ವಾಪಸ್ಸಾಗಿತ್ತು. ಸುಮ್ಮನೆ ಮಲಗಿದ್ದಾಗ ಮೈ ಖರ್ಚು ಮಾಡುವ ಕ್ಯಾಲೊರಿಯಂತೂ, ಆ ಗಾತ್ರದವರಿಗೆ ಇರಬೇಕಾದುದಕ್ಕಿಂತ ದಿನಕ್ಕೆ 500ರಷ್ಟು ಕಡಿಮೆಯಾಗಿಯೇ ಉಳಿದಿತ್ತು. ದೇಹ ಬರಗಾಲವೆಂದುಕೊಂಡು ಕೈ ಬಿಗಿ ಹಿಡಿದರೆ ತರಬೇತುದಾರ ಅದನ್ನು 'ಮನೋಬಲ ಸಾಲದು' ಎನ್ನುತ್ತಾನೆ.

ಪ್ರಾಯೋಜಕರ ಚಿಂತೆ ಬೇಡ, ತೂಕ ಇಳಿಸುತ್ತದೆಂದು ಮಾರುವ ಗಾರ್ಸಿನಿಯಾ ಮಾತ್ರೆಯವರು ಸಿಗುತ್ತಾರೆ. ಡಬ್ಬಿಯ ಮೇಲೆ ವಿದೇಶಿ ಹೆಸರು, ಒಳಗಿರುವುದು ನಮ್ಮ ಕಾಚಂಪುಳಿ ಹಣ್ಣಿನ ಸಿಪ್ಪೆಯ ಸಾರ. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಸಿದಾಗ ಸಾರದ ಮಾತ್ರೆ ತಿಂದವರಿಗೂ ಹುಸಿ ಮಾತ್ರೆ ತಿಂದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಕೊಡಗಿನ ಅಡುಗೆಮನೆಯಲ್ಲಿ ಈ ಪ್ರಯೋಗ ತಲೆಮಾರುಗಳಿಂದ ನೇರ ಪಂದಿ ಕೊಬ್ಬಿನ ಮೇಲೆಯೇ ನಡೆದಿದೆ. ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಿಟ್ಟುಕೊಂಡು, ಕರಿ ಬೆಂದ ಮೇಲೆ ಒಂದೆರಡು ಚಮಚ ಹಾಕುತ್ತಾರೆ. ಕೊಬ್ಬು ಕರಗಿದ್ದಿಲ್ಲ, ರುಚಿ ಮಾತ್ರ ಏರಿದೆ.

ಟಿಆರ್‌ಪಿ ಇಳಿದರೆ ಎರಡನೇ ಸೀಸನ್‌ಗೆ 'ಬಾಡಿ ಪಾಸಿಟಿವಿಟಿ', ಅಂದರೆ ಮೈ ಹೇಗಿದೆಯೋ ಹಾಗೇ ಚೆಂದ, ಎಂದು ಬೋರ್ಡು ಬದಲಿಸಿ. ಕೆಲಸಗಾರರು ಅವರೇ ಸಾಕು. ದಪ್ಪಗಿರುವ ಹುಡುಗಿಯೊಬ್ಬಳು ಹಾಡಲು ಬಂದಿದ್ದಾಳೆನ್ನಿ. ಕ್ಯಾಮೆರಾ ಹೊಟ್ಟೆಯಿಂದ ಶುರುವಾಗಿ ನಿಧಾನಕ್ಕೆ ಮುಖಕ್ಕೆ ಹತ್ತಲಿ. ನಡೆದು ಬರುವಾಗ ಹಿನ್ನೆಲೆಗೆ ಆನೆ ನಡಿಗೆಯ ವಾದ್ಯ ಹಾಕಿ. ವಸ್ತ್ರವಿನ್ಯಾಸಕರ ಬಳಿ ಎಕ್ಸ್‌ಎಲ್ ದಾಟಿದ ಬಟ್ಟೆ ಇರುವುದಿಲ್ಲವಾದ್ದರಿಂದ ಹೆಗಲಿಗೊಂದು ಶಾಲು ಹೊದಿಸಿ. ಅವಳು ಬಾಯಿ ತೆರೆಯುವ ಮೊದಲೇ ತೀರ್ಪುಗಾರರು ಎದ್ದು ನಿಂತು, ಕಣ್ಣೊರೆಸಿಕೊಂಡು, 'ಎಂಥಾ ಧೈರ್ಯಮ್ಮಾ ನಿನ್ನದು!' ಎನ್ನಬೇಕು. ಯಾವುದಕ್ಕೆ ಧೈರ್ಯ ಎಂದು ಅವಳು ಕೇಳಿದರೆ ಬ್ರೇಕ್ ತೆಗೆದುಕೊಳ್ಳಿ, ಸೊಂಟ ಕರಗಿಸುವ ಬೆಲ್ಟಿನ ಜಾಹೀರಾತು ಬಾಕಿ ಇರುತ್ತದೆ. ಆಮೇಲೆ ಚಿಕ್ಕಂದಿನಲ್ಲಿ ಯಾರು ಏನೆಂದು ಕರೆಯುತ್ತಿದ್ದರು ಎಂದು ಐದು ನಿಮಿಷ ಕೆದಕಿ. ಹಾಡನ್ನು ಎಡಿಟಿಂಗ್‌ನಲ್ಲಿ ಕತ್ತರಿಸಬಹುದು, ಇಲ್ಲದಿದ್ದರೆ ಎಪಿಸೋಡ್ ಉದ್ದವಾಗುತ್ತದೆ.